ಹಿಂಜ್ ಎತ್ತಿದರೂ ಲ್ಯಾಪ್‌ಟಾಪ್ ಬಿಸಿಯಾಗುತ್ತಿದ್ದರೆ: ಹೊರಗಿನಿಂದ ಒಳಗೆ ಹುಡುಕುವ ಕ್ರಮ

ಫ್ಯಾನು ಕೂಗುತ್ತದೆ, ಕೀಬೋರ್ಡಿನ ಮೇಲಿನ ಸಾಲು ಬೆರಳಿಡಲಾಗದಷ್ಟು ಬಿಸಿ, ಕೆಲಸ ಮಾತ್ರ ನಿಧಾನ. ಇಂಥ ದೂರು ಕೇಳಿದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವ ಲೇಪ) ಒಣಗಿರಬೇಕು, ಬಿಚ್ಚಿ ಹೊಸದು ಹಚ್ಚಿ. ನಾನೂ ಹಾಗೇ ಹೇಳಿಕೊಂಡು ಬಂದವನು. ನನ್ನದೇ ಲ್ಯಾಪ್‌ಟಾಪಿಗೆ ಎರಡು ಸಲ ಪೇಸ್ಟ್ ಹಚ್ಚಿದ್ದೂ ಆಯಿತು, ಎರಡು ಸಲವೂ ದಂಡ. ದೋಷ ಇದ್ದದ್ದು ಪ್ರೊಸೆಸರಿನ ಮೇಲಲ್ಲ. ತಳದಲ್ಲಿ, ಹಿಂಜಿನ, ಅಂದರೆ ಪರದೆಯ ಕೀಲಿನ, ಬುಡದ ಬಳಿ ಅಂಟಿಸಿದ್ದ ರಬ್ಬರ್ ಪಟ್ಟಿಯೊಂದು ಯಾವಾಗಲೋ ಉದುರಿಹೋಗಿತ್ತು.

ಆಮೇಲಿಂದ ನನ್ನ ಕ್ರಮ ಬದಲಾಯಿತು. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಹಿಂಜ್, ತಳದ ಸಂದು, ಪರದೆಯ ಕೋನ, ಈ ಮೂರನ್ನು ನೋಡುತ್ತೇನೆ. ಒಂದೆರಡು ಗಂಟೆಯ ಕೆಲಸ, ಬೇಕಾಗುವುದು ಒಂದು ಪೆನ್ಸಿಲ್, ಒಂದು ತುಂಡು ಹತ್ತಿ ದಾರ, ಎರಡು ಬಾಟಲಿ ಮುಚ್ಚಳ.

ಹಿಂಜಿಗೂ ತಂಪಿಗೂ ಏನು ಸಂಬಂಧ

ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನು ತಳದಿಂದ ಗಾಳಿ ಎಳೆದು, ತಾಮ್ರದ ಅಥವಾ ಅಲ್ಯೂಮಿನಿಯಮ್ಮಿನ ತೆಳು ರೆಕ್ಕೆಗಳ (ಹೀಟ್‌ಸಿಂಕ್) ನಡುವೆ ಹಾಯಿಸಿ, ಹಿಂದಿನಿಂದಲೋ ಪಕ್ಕದಿಂದಲೋ ಹೊರಗೆ ತಳ್ಳುತ್ತದೆ. ತಳಕ್ಕೂ ಮೇಜಿಗೂ ನಡುವೆ ರಬ್ಬರ್ ಕಾಲುಗಳಿಂದ ಸಿಗುವ ಜಾಗ ಎರಡು ಮೂರು ಮಿಲಿಮೀಟರು. ಅಷ್ಟು ಕಿರಿದಾದ ಸಂದಿನಿಂದ ಗಾಳಿ ಎಳೆಯುವುದೆಂದರೆ ಬಾಗಿದ ಸ್ಟ್ರಾದಲ್ಲಿ ನೀರು ಕುಡಿದಂತೆ: ಎಳೆತ ಜೋರು, ಬರುವುದು ಸ್ವಲ್ಪ. ಫ್ಯಾನಿನ ಸದ್ದು ಏರುತ್ತದೆ, ಗಾಳಿ ಏರುವುದಿಲ್ಲ.

ಇದಕ್ಕೆ ತಯಾರಕರು ಕಂಡುಕೊಂಡ ಉಪಾಯಗಳಲ್ಲಿ ಒಂದು ಎತ್ತುವ ಹಿಂಜ್. ಪರದೆ ತೆರೆದಂತೆ ಅದರ ಕೆಳಅಂಚು ತಿರುಗಿ ಮೇಜಿಗೆ ತಾಗುತ್ತದೆ, ತಾಗಿ ಇಡೀ ಕೀಬೋರ್ಡ್ ಭಾಗದ ಹಿಂತುದಿಯನ್ನು ಮೇಲೆತ್ತುತ್ತದೆ. ಆಸುಸ್ ಇದನ್ನು ಎರ್ಗೋಲಿಫ್ಟ್ ಎಂದು ಕರೆಯಿತು. 2018ರ ಜೆನ್‌ಬುಕ್ ಎಸ್‌ನಲ್ಲಿ ಪರದೆ 145 ಡಿಗ್ರಿ ತೆರೆದಾಗ ಕೀಬೋರ್ಡ್ 5.5 ಡಿಗ್ರಿ ಬಾಗುತ್ತಿತ್ತು. ಅದಕ್ಕೂ ಒಂದು ವರ್ಷ ಮೊದಲು, 2017ರಲ್ಲಿ, ಅದೇ ಕಂಪನಿಯ ಆರ್‌ಒಜಿ ಝೆಫೈರಸ್ ಬೇರೆ ದಾರಿ ಹಿಡಿದಿತ್ತು: ಪರದೆ ತೆರೆದರೆ ತಳದ ಕವರಿನ ಹಿಂಭಾಗವೇ ಸುಮಾರು 6 ಮಿಲಿಮೀಟರು ಕೆಳಗಿಳಿದು ಬಾಯಿ ತೆರೆಯುತ್ತಿತ್ತು. 2020ರ ಝೆಫೈರಸ್ ಡುಯೊ 15ರಲ್ಲಂತೂ ಕೀಬೋರ್ಡಿನ ಹಿಂದಿರುವ ಎರಡನೇ ಪರದೆ 13 ಡಿಗ್ರಿ ಮೇಲೆದ್ದು ತನ್ನ ಕೆಳಗೇ ಗಾಳಿಗೆ ದಾರಿ ಮಾಡಿಕೊಡುತ್ತದೆ.

ಮೂರು ಡಿಗ್ರಿ, ಐದು ಡಿಗ್ರಿ ಎಂದರೆ ಏನೂ ಅಲ್ಲವೆನಿಸುತ್ತದೆ. ಲೆಕ್ಕ ಹಾಕಿ ನೋಡಿ. ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 220 ಮಿಲಿಮೀಟರು ಇರುವ ಲ್ಯಾಪ್‌ಟಾಪು 3 ಡಿಗ್ರಿ ಬಾಗಿದರೆ ಹಿಂತುದಿ ಸುಮಾರು 11.5 ಮಿಲಿಮೀಟರು ಎದ್ದಿರುತ್ತದೆ, 5.5 ಡಿಗ್ರಿಗೆ 21. ಫ್ಯಾನುಗಳು ಸಾಮಾನ್ಯವಾಗಿ ಹಿಂಭಾಗದಲ್ಲೇ ಇರುವುದರಿಂದ ಈ ಎತ್ತರದ ಬಹುಪಾಲು ಅವಕ್ಕೇ ದಕ್ಕುತ್ತದೆ. ಎರಡು ಮಿಲಿಮೀಟರಿನ ಜಾಗದಲ್ಲಿ ಹತ್ತು. ಹಾಗಾಗಿ ಇಂಥ ಯಂತ್ರದಲ್ಲಿ ಹಿಂಜ್ ಎಂದರೆ ಬರೀ ಪರದೆಯ ಕೀಲಲ್ಲ, ತಂಪು ಮಾಡುವ ಸರಂಜಾಮಿನ ಒಂದು ಭಾಗ. ಅದು ಸೋತರೆ ಫ್ಯಾನು, ಪೇಸ್ಟ್ ಎಲ್ಲ ಸರಿಯಿದ್ದರೂ ಯಂತ್ರ ಬಿಸಿಯಾಗುತ್ತದೆ.

ಎಲ್ಲಕ್ಕಿಂತ ಮೊದಲು ಬ್ಯಾಟರಿ

ಲ್ಯಾಪ್‌ಟಾಪ್ ಮುಚ್ಚಿ ಸಮತಟ್ಟಾದ ಗಟ್ಟಿ ಮೇಜಿನ ಮೇಲಿಟ್ಟು ಮೂಲೆಗಳನ್ನು ಒಂದೊಂದಾಗಿ ಮೆಲ್ಲಗೆ ಮುಟ್ಟಿ. ಕುಂಟುತ್ತಿದೆಯೇ? ಟಚ್‌ಪ್ಯಾಡ್ ಮೊದಲಿನಂತೆ ಕ್ಲಿಕ್ ಆಗುತ್ತಿಲ್ಲವೇ? ಮುಚ್ಚಳ ಪೂರ್ತಿ ಕೂರುತ್ತಿಲ್ಲವೇ? ತಳದ ಕವರಿನ ಅಂಚು ಮಧ್ಯದಲ್ಲಿ ಬಿಟ್ಟುಕೊಂಡಿದೆಯೇ? ಇವನ್ನು ಕಂಡು ಹಿಂಜ್ ಹಾಳಾಗಿದೆ ಎಂದುಕೊಳ್ಳುವವರು ಬಹಳ. ಅನೇಕ ಸಲ ಅದು ಉಬ್ಬಿದ ಬ್ಯಾಟರಿ. ತಳ ಉಬ್ಬಿದಷ್ಟೂ ಗಾಳಿಯ ಸಂದು ಕಿರಿದಾಗುವುದರಿಂದ ಯಂತ್ರ ಬಿಸಿಯೂ ಆಗುತ್ತದೆ, ಗುರುತು ತಪ್ಪುವುದು ಸಹಜ. ಅನುಮಾನ ಬಂದರೆ ಚಾರ್ಜರ್ ಕಿತ್ತು, ಯಂತ್ರ ಆರಿಸಿ, ಒತ್ತದೆ ಚುಚ್ಚದೆ ರಿಪೇರಿಯವರಿಗೆ ಕೊಡಿ. ಕೆಳಗಿನ ಯಾವ ಪರೀಕ್ಷೆಯೂ ಆ ಯಂತ್ರಕ್ಕಲ್ಲ.

ಅಳತೆಯಿಲ್ಲದೆ ಹುಡುಕಾಟವಿಲ್ಲ

ಕೈಯಿಟ್ಟು "ಮೊದಲಿಗಿಂತ ತಂಪಾಯಿತು" ಎನ್ನುವುದು ಅಳತೆಯಲ್ಲ. ವಿಂಡೋಸ್ ಆದರೆ ಎಚ್‌ಡಬ್ಲ್ಯುಇನ್ಫೋ ಎಂಬ ತಂತ್ರಾಂಶ ಸಾಕು, ಲಿನಕ್ಸ್ ಆದರೆ ತಾಪಮಾನಕ್ಕೆ ಸೆನ್ಸರ್ಸ್, ವೇಗಕ್ಕೂ ವ್ಯಾಟಿಗೂ ಟರ್ಬೊಸ್ಟ್ಯಾಟ್ ಎಂಬ ಆದೇಶ. ಗಟ್ಟಿ ಮೇಜು, ಚಾರ್ಜರ್ ಹಾಕಿದ ಸ್ಥಿತಿ, ಒಂದೇ ಪವರ್ ಮೋಡ್, ಪ್ರತಿ ಸಲವೂ ಅದೇ ಭಾರದ ಕೆಲಸ. ನಾನು ಉದ್ದನೆಯ ವಿಡಿಯೊ ಒಂದನ್ನು ಬೇರೆ ಫಾರ್ಮ್ಯಾಟಿಗೆ ಬದಲಿಸಲು ಬಿಡುತ್ತೇನೆ. ಹದಿನೈದು ನಿಮಿಷ ಓಡಲಿ. ಮೊದಲ ಒಂದೆರಡು ನಿಮಿಷದ ಅಂಕಿಯನ್ನು ಬಿಟ್ಟುಬಿಡಿ. ಆಗ ಪ್ರೊಸೆಸರ್ ಟರ್ಬೊ (ಸ್ವಲ್ಪ ಹೊತ್ತಿನ ಹೆಚ್ಚುವರಿ ವೇಗ) ಹುಮ್ಮಸ್ಸಿನಲ್ಲಿರುತ್ತದೆ, ಹೀಟ್‌ಸಿಂಕ್ ಇನ್ನೂ ತಣ್ಣಗಿರುತ್ತದೆ. ಕೊನೆಯ ಐದು ನಿಮಿಷದಲ್ಲಿ ಕಂಡದ್ದನ್ನು ಬರೆದುಕೊಳ್ಳಿ: ಕೋಣೆಯ ಉಷ್ಣತೆ, ಪ್ರೊಸೆಸರಿನ ತಾಪಮಾನ, ಗಡಿಯಾರ ವೇಗ, ಪ್ಯಾಕೇಜ್ ಪವರ್ ಎಂದು ತೋರಿಸುವ ವ್ಯಾಟ್ (ಪ್ರೊಸೆಸರ್ ಬಳಸುವ ವಿದ್ಯುತ್), ಸಿಕ್ಕರೆ ಫ್ಯಾನಿನ ಸುತ್ತು.

ಈ ಪಟ್ಟಿಯಲ್ಲಿ ಜನ ನೋಡುವುದು ತಾಪಮಾನ ಮಾತ್ರ. ಮೋಸ ಹೋಗುವುದೂ ಅಲ್ಲೇ. ಅನೇಕ ಇಂಟೆಲ್ ಪ್ರೊಸೆಸರುಗಳಿಗೆ 100 ಡಿಗ್ರಿ ಸೆಲ್ಸಿಯಸ್, ಎಎಂಡಿಯ ಅನೇಕ ರೈಜನ್ ಪ್ರೊಸೆಸರುಗಳಿಗೆ 95 ಗರಿಷ್ಠ ಮಿತಿ. ಆ ಮಿತಿ ತಲುಪಿದ ಪ್ರೊಸೆಸರ್ ಅದನ್ನು ದಾಟುವುದಿಲ್ಲ, ಬದಲಿಗೆ ವೇಗ ಇಳಿಸಿಕೊಂಡು ಅಲ್ಲೇ ನಿಲ್ಲುತ್ತದೆ. ಥ್ರಾಟ್ಲಿಂಗ್ ಎನ್ನುವುದು ಇದನ್ನೇ. ಈಗ ನೀವು ಗಾಳಿಯ ದಾರಿ ಸರಿಮಾಡಿದಿರಿ ಎನ್ನಿ. ಸಿಕ್ಕ ತಂಪನ್ನೆಲ್ಲ ಅದು ವೇಗ ಹೆಚ್ಚಿಸಲು ಬಳಸಿಕೊಂಡು ಮತ್ತೆ ಅದೇ 95ಕ್ಕೆ ಬಂದು ಕೂರುತ್ತದೆ! ನನ್ನ ಯಂತ್ರ ಸಪಾಟಾಗಿ ಇಟ್ಟಾಗ 95 ಡಿಗ್ರಿ, 24 ವ್ಯಾಟ್. ಹಿಂಭಾಗ ಎತ್ತಿಟ್ಟಾಗ ಅದೇ 95 ಡಿಗ್ರಿ, ಆದರೆ 31 ವ್ಯಾಟ್. ತಾಪಮಾನವನ್ನಷ್ಟೇ ನೋಡಿದ್ದರಿಂದ "ಎತ್ತಿದರೂ ಉಪಯೋಗವಿಲ್ಲ" ಎಂದು ತೀರ್ಮಾನಿಸಿ ತಿಂಗಳುಗಟ್ಟಲೆ ಬೇರೆ ಕಡೆ ಹುಡುಕಿದೆ. ಅದೇ ಮಿತಿಯಲ್ಲಿ ಹೆಚ್ಚು ವ್ಯಾಟ್ ಹೊರಹೋಗುತ್ತಿದೆ ಎಂದರೆ ತಂಪು ಸುಧಾರಿಸಿದೆ ಎಂದೇ ಅರ್ಥ. ಯಂತ್ರ ತಾಪಮಾನದ ಮಿತಿಗಲ್ಲದೆ ತಯಾರಕರು ಹಾಕಿದ ವಿದ್ಯುತ್ ಮಿತಿಗೆ ತಾಗಿ ನಿಂತಿದ್ದರೆ ಉಲ್ಟಾ: ವ್ಯಾಟ್ ಅಲ್ಲೇ ಇರುತ್ತದೆ, ತಾಪಮಾನ ಇಳಿಯುತ್ತದೆ. ಎರಡನ್ನೂ ಜೊತೆಯಾಗಿ ಓದಿ.

ಬಾಟಲಿ ಮುಚ್ಚಳದ ಪರೀಕ್ಷೆ

ದಾರಿ ಎರಡಾಗಿ ಒಡೆಯುವುದು ಇಲ್ಲಿ. ಹಿಂತುದಿಯ ಎರಡು ಮೂಲೆಗಳ ಕೆಳಗೆ ಒಂದೊಂದು ಬಾಟಲಿ ಮುಚ್ಚಳ ಇಡಿ, ಗಾಳಿಯ ಕಿಂಡಿಗಳಿಗೆ ಅಡ್ಡ ಬಾರದಂತೆ. ಪರದೆಯ ಕೋನ ಬದಲಿಸಬೇಡಿ. ಅದೇ ಕೆಲಸ, ಅದೇ ಹದಿನೈದು ನಿಮಿಷ.

ವ್ಯಾಟ್ ಏರಿದರೆ ಅಥವಾ ತಾಪಮಾನ ಐದಾರು ಡಿಗ್ರಿ ಇಳಿದರೆ, ಯಂತ್ರ ಗಾಳಿಗೆ ಬಾಯಿಬಿಡುತ್ತಿದೆ. ಎತ್ತುವ ಹಿಂಜ್ ಎತ್ತಬೇಕಾದಷ್ಟು ಎತ್ತುತ್ತಿಲ್ಲ, ಅಥವಾ ಎತ್ತಿದ್ದನ್ನು ಬೇರೇನೋ ಹಾಳುಮಾಡುತ್ತಿದೆ. ಏನೂ ಬದಲಾಗದಿದ್ದರೆ ಹಿಂಜನ್ನು ಬೈಯುವುದು ಬೇಡ, ಕೆಳಗೆ ಒಳಗಿನ ದೋಷಗಳ ಭಾಗಕ್ಕೆ ಹೋಗಿ. ಒಂದೆರಡು ಡಿಗ್ರಿ ಮಾತ್ರ ಬದಲಾದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕೋಣೆಯ ಗಾಳಿ ಬದಲಾದರೂ ಅಷ್ಟು ವ್ಯತ್ಯಾಸ ಬರುತ್ತದೆ.

ಎತ್ತರ ಎಲ್ಲಿ ಸೋರಿಹೋಯಿತು

ಬಾಟಲಿ ಮುಚ್ಚಳ ತೆಗೆದು, ಪರದೆಯನ್ನು ದಿನವೂ ಇಡುವ ಕೋನದಲ್ಲಿಟ್ಟು, ಪಕ್ಕದಿಂದ ಪೆನ್ಸಿಲನ್ನು ತಳದ ಹಿಂಭಾಗದ ಕೆಳಗೆ ತೂರಿಸಿ. ಸಾಮಾನ್ಯ ಪೆನ್ಸಿಲ್ ಸುಮಾರು 7 ಮಿಲಿಮೀಟರು ದಪ್ಪ. ಎತ್ತುವ ಹಿಂಜ್ ಇರುವ ಯಂತ್ರದಲ್ಲಿ ಅದು ಸಲೀಸಾಗಿ ಹೋಗಬೇಕು. ಸಿಕ್ಕಿಕೊಂಡರೆ ಕಾರಣ ಹುಡುಕಬೇಕು.

ಪರದೆಯ ಕೆಳಅಂಚನ್ನು ಬೆರಳಿನಿಂದ ಸವರಿ ನೋಡಿ. ಮೇಜಿಗೆ ತಾಗುವ ಜಾಗದಲ್ಲಿ ಎರಡು ಚಿಕ್ಕ ರಬ್ಬರ್ ಗುಬ್ಬಿಗಳೋ ಉದ್ದನೆಯ ಪಟ್ಟಿಯೋ ಇರುತ್ತದೆ. ಪರದೆಯನ್ನು ಪ್ರತಿ ಸಲ ತೆರೆದಾಗಲೂ ಅವು ಮೇಜಿಗೆ ಉಜ್ಜುತ್ತವೆ, ಸವೆಯುತ್ತವೆ, ಅಂಟು ಬಿಸಿಗೆ ಮೆತ್ತಗಾಗಿ ಜಾರುತ್ತವೆ. ಒಂದು ಕಡೆಯದು ಬಿದ್ದಿದ್ದರೆ ಯಂತ್ರ ಓರೆಯಾಗಿ ನಿಲ್ಲುತ್ತದೆ, ಟೈಪ್ ಮಾಡುವಾಗ ಟಕಟಕ ಅಲುಗುತ್ತದೆ. ಅಂಚಿನ ಲೋಹದಲ್ಲಿ ಹೊಸ ಗೀರು ಕಂಡರೆ ರಬ್ಬರ್ ಹೋಗಿದೆ ಎಂದೇ ಲೆಕ್ಕ. ಅದೇ ದಪ್ಪದ ಸಿಲಿಕೋನ್ ಗುಬ್ಬಿ ಅಂಟಿಸಿದರೆ ಮುಗಿಯಿತು. ದಪ್ಪ ಹೆಚ್ಚಾದರೆ ಒಳ್ಳೆಯದೇ ಅಲ್ಲವೇ ಎನ್ನಬೇಡಿ, ಮುಚ್ಚಳ ತೆರೆಯುವಾಗ ಹಿಂಜಿನ ಮೇಲೆ ಬೀಳುವ ಒತ್ತಡವೂ ಹೆಚ್ಚುತ್ತದೆ.

ಇನ್ನೊಂದು ಕಾರಣ ಕೋನ. ಈ ಬಗೆಯ ಹಿಂಜ್ ಮೊದಲ ತೊಂಬತ್ತು ಡಿಗ್ರಿಯಲ್ಲಿ ಹೆಚ್ಚೇನೂ ಎತ್ತುವುದಿಲ್ಲ, ಕೆಲಸ ಮಾಡುವುದು ಆಮೇಲೆ. ಪರದೆಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಕೂರುವ ಅಭ್ಯಾಸವಿದ್ದರೆ ಹಣ ಕೊಟ್ಟು ತಂದ ಎತ್ತರ ಬಳಕೆಗೇ ಬರುತ್ತಿಲ್ಲ. 90, 110, 130, ಆಮೇಲೆ ಪೂರ್ತಿ ತೆರೆದ ಸ್ಥಿತಿ, ಹೀಗೆ ನಾಲ್ಕು ಕಡೆ ಅಳೆದು ನೋಡಿ. ತಮಾಷೆಯೆಂದರೆ ಕೆಲವು ಯಂತ್ರಗಳಲ್ಲಿ ಪೂರ್ತಿ ತೆರೆದಾಗ ಮತ್ತೆ ಬಿಸಿ ಹೆಚ್ಚುತ್ತದೆ: ಇಳಿದ ಪರದೆಯ ಅಂಚೇ ಹಿಂದಿನ ಕಿಂಡಿಗೆ ಅಡ್ಡಗೋಡೆಯಾಗಿ ನಿಲ್ಲುತ್ತದೆ. ನಿಮ್ಮ ಯಂತ್ರದ ಒಳ್ಳೆಯ ಕೋನ ಯಾವುದು ಎಂದು ಅಳತೆಯೇ ಹೇಳಬೇಕು.

ಹಾಸಿಗೆ, ದಿಂಬು, ತೊಡೆಯ ಮೇಲಂತೂ ಈ ಹಿಂಜ್ ದಂಡ. ಎತ್ತುವ ಅಂಚು ಕಿರಿದಾದ್ದರಿಂದ ಮೆತ್ತನೆಯ ಬಟ್ಟೆಯೊಳಗೆ ಹೂತುಹೋಗುತ್ತದೆ, ತಳ ಬಟ್ಟೆಗೆ ಅಂಟುತ್ತದೆ. ಸ್ಟ್ಯಾಂಡ್ ಬಳಸುವವರು ಒಂದು ಸಂಗತಿ ಗಮನಿಸಿ: ಸ್ಟ್ಯಾಂಡಿನ ತಟ್ಟೆ ಗಿಡ್ಡವಾಗಿದ್ದರೆ ಪರದೆಯ ಅಂಚು ಹಿಂದೆ ಗಾಳಿಯಲ್ಲಿ ತೂಗುತ್ತದೆ, ಏನನ್ನೂ ಎತ್ತುವುದಿಲ್ಲ. ಸ್ಟ್ಯಾಂಡ್ ನಡುವೆ ಟೊಳ್ಳಾಗಿದ್ದರೆ ಚಿಂತೆಯಿಲ್ಲ, ಗಾಳಿ ಹೇಗೂ ಸಿಗುತ್ತದೆ. ತಟ್ಟೆ ಗಟ್ಟಿ ಹಾಳೆಯಾಗಿದ್ದರೆ, ಬರೀ ಮೇಜಿಗಿಂತ ಸ್ಟ್ಯಾಂಡಿನ ಮೇಲೇ ಹೆಚ್ಚು ಬಿಸಿಯಾಗುವ ವಿಚಿತ್ರ ನೋಡುತ್ತೀರಿ. ತಳಕ್ಕೆ ಕ್ಲಿಪ್ ಮಾಡುವ ಪ್ಲಾಸ್ಟಿಕ್ ಕವಚಗಳದ್ದೂ ಅದೇ ಕತೆ. ಅದನ್ನು ಬಿಚ್ಚಿ ಒಮ್ಮೆ ಅಳೆಯಿರಿ.

ದಾರದ ಪರೀಕ್ಷೆ, ನನ್ನ ಯಂತ್ರದ ಕತೆ

ನನ್ನದರಲ್ಲಿ ಪೆನ್ಸಿಲ್ ಆರಾಮಾಗಿ ಹೋಗುತ್ತಿತ್ತು. ಎತ್ತರ ಸರಿಯೇ ಇತ್ತು. ಆದರೂ ಬಾಟಲಿ ಮುಚ್ಚಳ ಇಟ್ಟು ಇನ್ನಷ್ಟು ಎತ್ತಿದರೆ ಸುಧಾರಿಸುತ್ತಿತ್ತು. ಇದು ತಲೆ ತಿಂದಿತು.

ಹತ್ತಿ ದಾರದ ಎಳೆಯೊಂದನ್ನು ಬಿಡಿಸಿ, ನಾಲ್ಕು ಇಂಚು ಕತ್ತರಿಸಿ, ಪೆನ್ಸಿಲ್ ತುದಿಗೆ ಟೇಪಿನಿಂದ ಅಂಟಿಸಿ, ಫ್ಯಾನು ಜೋರಾಗಿ ಓಡುವಾಗ ಹಿಂದಿನ ಕಿಂಡಿಯ ಮುಂದೆ ಹಿಡಿದೆ. ಎಳೆ ಹಿಂದಕ್ಕೆ ನೆಟ್ಟಗೆ ಹಾರಬೇಕಿತ್ತು. ಎಡಗಡೆ ಹಾಗೇ ಹಾರಿತು. ಬಲಗಡೆ ಒಂದು ಕ್ಷಣ ಹಿಂದಕ್ಕೆ ಹೋಗಿ, ಬಾಗಿ, ತಳದ ಕೆಳಗೆ ನುಸುಳಿತು. ಅಂದರೆ ಹೊರಬಂದ ಬಿಸಿಗಾಳಿ ಪರದೆಯ ಅಂಚಿಗೆ ಬಡಿದು ಕೆಳಕ್ಕೆ ತಿರುಗಿ, ಅದೇ ಫ್ಯಾನು ಅದನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ತಿರುಗಿಸಿ ನೋಡಿದರೆ ತಳದ ಹಿಂಭಾಗದಲ್ಲಿ, ಎಳೆಯುವ ಜಾಲರಿಗೂ ಹೊರಬಿಡುವ ಕಿಂಡಿಗೂ ನಡುವೆ, ಉದ್ದಕ್ಕೂ ಇರಬೇಕಿದ್ದ ರಬ್ಬರ್ ಪಟ್ಟಿ ಅರ್ಧ ಇಲ್ಲ. ಅಂಟಿನ ಕಂದು ಗುರುತು ಮಾತ್ರ ಉಳಿದಿತ್ತು.

ಆ ಪಟ್ಟಿಯನ್ನು ನಾನು ಜಾರದಿರಲಿ ಎಂದು ಹಾಕಿದ ಕಾಲು ಎಂದುಕೊಂಡಿದ್ದೆ. ಅದರ ಇನ್ನೊಂದು ಕೆಲಸ ಅಣೆಕಟ್ಟಿನದು: ಬಿಸಿಗಾಳಿ ತಣ್ಣನೆಯ ಗಾಳಿಗೆ ಬೆರೆಯದಂತೆ ತಡೆಯುವುದು. ಹಿಂದಿನಿಂದ ಗಾಳಿ ಬಿಡುವ ಯಂತ್ರಗಳಲ್ಲಿ ಮಧ್ಯದ ಆ ಉದ್ದ ಪಟ್ಟಿಯನ್ನು ಎಂದೂ ಹಗುರವಾಗಿ ನೋಡಬೇಡಿ. ಅದೇ ಎತ್ತರದ ಮೆತ್ತನೆ ಫೋಮ್ ಪಟ್ಟಿಯನ್ನು ಉದ್ದಕ್ಕೂ ಅಂಟಿಸಿದೆ. ದಾರ ನೆಟ್ಟಗೆ ಹಾರಿತು, ವ್ಯಾಟ್ 30ರ ಆಸುಪಾಸಿಗೆ ಬಂತು, ಅದೂ ಬಾಟಲಿ ಮುಚ್ಚಳವಿಲ್ಲದೆ. ಪೇಸ್ಟಿಗೆ ಕೊಟ್ಟ ಎರಡು ಭಾನುವಾರ ವಾಪಸ್ ಬರಲಿಲ್ಲ.

ಗೋಡೆಗೆ ಒತ್ತಿಟ್ಟ ಮೇಜಿನಲ್ಲೂ ಗಾಳಿ ಹೀಗೇ ತಿರುಗಿ ಬರುತ್ತದೆ. ಹಿಂದೆ ಒಂದು ಗೇಣು ಜಾಗ ಬಿಟ್ಟು ದಾರ ಹಿಡಿದು ನೋಡಿ.

ಹಿಂಜೇ ಸಡಿಲವಾಗಿದ್ದರೆ

ಮುಚ್ಚಳ ತೆರೆಯುವಾಗ ಕಟಕ್ ಸದ್ದು, ಹಿಂಜಿನ ಬಳಿ ಪರದೆಯ ಚೌಕಟ್ಟು ಬಿಟ್ಟುಕೊಂಡಿರುವುದು, ತಳದ ಮೂಲೆಯಲ್ಲಿ ಬಿರುಕು: ಇವು ಬರೀ ಅಂದದ ದೋಷವಲ್ಲ. ಎತ್ತುವ ಹಿಂಜ್ ಯಂತ್ರದ ಹಿಂಭಾಗದ ಭಾರವನ್ನೂ ಹೊರುತ್ತದೆ. ಹಿಂಜ್ ಕೂರುವ ಹಿತ್ತಾಳೆ ನಟ್ಟುಗಳನ್ನು ಪ್ಲಾಸ್ಟಿಕ್ಕಿನೊಳಗೆ ಹುದುಗಿಸಿರುತ್ತಾರೆ. ಹಿಂಜ್ ಬಿಗಿಯಾಗುತ್ತ ಹೋದರೆ ಪ್ರತಿ ಸಲ ತೆರೆದಾಗಲೂ ಆ ನಟ್ಟುಗಳ ಮೇಲೆ ಎಳೆತ ಬೀಳುತ್ತದೆ, ಒಂದು ದಿನ ಪ್ಲಾಸ್ಟಿಕ್ ಸಮೇತ ಕಿತ್ತುಬರುತ್ತವೆ. ಆಮೇಲೆ ಪರದೆ ಏಳುತ್ತದೆ, ತಳ ಏಳುವುದಿಲ್ಲ.

ಬಿಟ್ಟುಕೊಂಡ ಮೂಲೆ ತಂಪನ್ನೂ ಕೆಡಿಸುತ್ತದೆ. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಹೀಟ್‌ಸಿಂಕಿನ ರೆಕ್ಕೆಗಳ ಹತ್ತಿರವೇ ಸಂದು ತೆರೆದರೆ ಹೊರಹೋಗಬೇಕಾದ ಬಿಸಿಗಾಳಿ ಪೆಟ್ಟಿಗೆಯೊಳಗೇ ಸೋರುತ್ತದೆ, ಆ ಬದಿಯ ಕೀಬೋರ್ಡ್ ಕಾದುಹೋಗುತ್ತದೆ. ಎಡಕ್ಕಿಂತ ಬಲ ಬಿಸಿ, ಬಲದ ಹಿಂಜೇ ಸಡಿಲ, ಎಂದಾದರೆ ಇದನ್ನು ಮೊದಲು ಅನುಮಾನಿಸಿ.

ಸ್ಕ್ರೂ ಸಡಿಲವಾಗಿದ್ದರೆ ಬಿಗಿ ಮಾಡಬಹುದು, ಅಷ್ಟೇ. ನಟ್ ಕಿತ್ತಿದ್ದರೆ ಕಂಡ ಅಂಟನ್ನೆಲ್ಲ ಸುರಿಯಬೇಡಿ. ಹಿಂಜಿನ ಪಕ್ಕದಲ್ಲೇ ಪರದೆಯ ಕೇಬಲ್, ವೈಫೈ ಆಂಟೆನಾದ ಸಪೂರ ತಂತಿ ಹಾದುಹೋಗುತ್ತವೆ, ಅಂಟು ತಾಗಿದರೆ ಅವೂ ಹೋದಂತೆ. ಹಿಂಜಿಗೆ ಎಣ್ಣೆ ಬಿಡುವ ಚಾಳಿಯೂ ಬೇಡ. ಘರ್ಷಣೆಯಿಂದಲೇ ನಿಲ್ಲುವ ಕೀಲಿಗೆ ಎಣ್ಣೆ ಬಿಟ್ಟರೆ ಪರದೆ ನಿಲ್ಲದೆ ಜಾರುತ್ತದೆ. ರಿಪೇರಿ ಆಗುವವರೆಗೆ ಮುಚ್ಚಳವನ್ನು ಮೂಲೆ ಹಿಡಿದು ಎಳೆಯದೆ ನಡುವೆ ಹಿಡಿದು ತೆರೆಯಿರಿ.

ತಳದ ಜಾಲರಿಯಲ್ಲಿ ಕೆಲವು ಸೀಳುಗಳು ಒಳಗಿನಿಂದ ಕಪ್ಪು ಹಾಳೆಯಿಂದ ಮುಚ್ಚಿರುವುದು ಕಾಣಬಹುದು. ಕೊಳೆ ಅಥವಾ ಕಂಪನಿಯ ಮೋಸ ಎಂದುಕೊಂಡು ಅದನ್ನು ಕೀಳುವವರಿದ್ದಾರೆ. ಗಾಳಿ ಎಸ್‌ಎಸ್‌ಡಿ (ಕಡತಗಳನ್ನು ಉಳಿಸಿಡುವ ಭಾಗ) ಮತ್ತು ವಿದ್ಯುತ್ ಭಾಗಗಳ ಮೇಲೆ ಹಾದು ಬರಲಿ ಎಂದೇ ಅಲ್ಲಿ ಮುಚ್ಚಿರುವುದುಂಟು. ಮುಟ್ಟಬೇಡಿ.

ಮುಚ್ಚಳ ಮುಚ್ಚಿ ಹೊರಗಿನ ಮಾನಿಟರಿಗೆ ಜೋಡಿಸಿದಾಗ

ತೆರೆದಿದ್ದಾಗ ಸರಿ, ಮುಚ್ಚಿ ದೊಡ್ಡ ಮಾನಿಟರಿನಲ್ಲಿ ಕೆಲಸ ಮಾಡುವಾಗ ಮಾತ್ರ ಬಿಸಿ ಎಂದರೆ ದೋಷವೇನೂ ಇಲ್ಲ. ಮುಚ್ಚಿದಾಗ ಹಿಂಜ್ ಎತ್ತುವುದಿಲ್ಲ, ಕೀಬೋರ್ಡಿನ ಮೂಲಕ ಹೋಗುತ್ತಿದ್ದ ಬಿಸಿಗೂ ದಾರಿ ಇಲ್ಲ. ಬಾಟಲಿ ಮುಚ್ಚಳ ಮತ್ತೆ ಕೆಲಸಕ್ಕೆ ಬರುತ್ತದೆ, ಅಥವಾ ಪರದೆಯನ್ನು ತೆರೆದೇ ಇಟ್ಟುಕೊಳ್ಳಿ.

ಎತ್ತಿದರೂ ಬದಲಾಗದಿದ್ದರೆ

ಮೊದಲು, ಯಾವ ಕೆಲಸಗಳು ಓಡುತ್ತಿವೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್. ಹಿನ್ನೆಲೆಯಲ್ಲಿ ಏನೋ ಓಡುತ್ತಿದ್ದರೆ ಯಂತ್ರದ ತಪ್ಪಿಲ್ಲ. ಮ್ಯಾಕ್‌ನಲ್ಲಿ ಕರ್ನಲ್ ಟಾಸ್ಕ್ ಎಂಬುದು ಬಹಳ ಪ್ರೊಸೆಸರ್ ಬಳಸುತ್ತಿರುವಂತೆ ಕಂಡರೆ ಅದನ್ನು ಅಪರಾಧಿ ಎನ್ನಬೇಡಿ, ಬಿಸಿ ಹೆಚ್ಚಾದಾಗ ಬೇರೆ ಕೆಲಸಗಳಿಗೆ ಪ್ರೊಸೆಸರ್ ಸಿಗದಂತೆ ತಡೆಯುವುದೇ ಅದರ ಒಂದು ಕೆಲಸ.

ಆಮೇಲೆ ಧೂಳು. ಹೊರಗಿನ ಜಾಲರಿ ಚೊಕ್ಕಟವಾಗಿ ಕಂಡರೆ ಒಳಗೂ ಹಾಗೇ ಎಂದೇನಿಲ್ಲ. ಧೂಳು ಸೇರುವುದು ಫ್ಯಾನಿಗೂ ರೆಕ್ಕೆಗಳಿಗೂ ನಡುವೆ, ಅಲ್ಲಿ ಕಂಬಳಿಯ ತುಂಡಿನಂತೆ ಹೆಣೆದುಕೊಂಡು ಕೂರುತ್ತದೆ. ಹಿಂದಿನ ಕಿಂಡಿಯಲ್ಲಿ ದಾರ ಅಲ್ಲಾಡದೆ, ಫ್ಯಾನು ಮಾತ್ರ ಕೂಗುತ್ತಿದ್ದರೆ ಇದೇ. ಹೊರಗಿನಿಂದ ಗಾಳಿ ಊದಿದರೆ ಆ ಕಂಬಳಿ ಫ್ಯಾನಿನೊಳಕ್ಕೆ ಮಗುಚುತ್ತದೆ. ಯಂತ್ರ ಆರಿಸಿ, ತಳ ಬಿಚ್ಚಿ, ಬ್ಯಾಟರಿ ಕನೆಕ್ಟರ್ ಕಿತ್ತು, ಚಿಮುಟದಿಂದ ತೆಗೆಯುವುದೇ ಸರಿ. ಗಾಳಿ ಊದುವುದಾದರೆ ಫ್ಯಾನು ತಿರುಗದಂತೆ ಬೆರಳು ಒತ್ತಿ ಹಿಡಿಯಿರಿ, ಬೇಕಾಬಿಟ್ಟಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಧೂಳೂ ಇಲ್ಲ, ಗಾಳಿಯೂ ಚೆನ್ನಾಗಿದೆ, ಆದರೆ ಹೊರಬರುವ ಗಾಳಿ ಉಗುರುಬೆಚ್ಚಗಿದ್ದು ಪ್ರೊಸೆಸರ್ ಮಾತ್ರ ಮಿತಿಗೆ ತಾಗಿದೆ ಎಂದಾದಾಗಲೇ ಪೇಸ್ಟಿನ ಸರದಿ. ಬಿಸಿ ಚಿಪ್‌ನಿಂದ ರೆಕ್ಕೆಗಳಿಗೆ ದಾಟುತ್ತಿಲ್ಲ ಎಂಬುದಕ್ಕೆ ಅದು ಗುರುತು. ಪೇಸ್ಟಿನ ಬದಲು ದ್ರವ ಲೋಹ ಹಾಕಿದ ಯಂತ್ರವಾದರೆ ನೀವು ಕೈ ಹಾಕಬೇಡಿ, ಚೆಲ್ಲಿದರೆ ಬೋರ್ಡ್ ಶಾರ್ಟ್ ಆಗುತ್ತದೆ.

ರಿಪೇರಿಗೆ ಕೊಡುವ ಹಾಗಾದರೆ ಬರೆದುಕೊಂಡ ಅಂಕಿಗಳನ್ನು ಯಂತ್ರದ ಜೊತೆಗೇ ಕೊಡಿ: ಸಪಾಟಾಗಿ ಇಟ್ಟಾಗ ಇಷ್ಟು ವ್ಯಾಟ್, ಎತ್ತಿಟ್ಟಾಗ ಇಷ್ಟು, ಯಾವ ಕೋನದಲ್ಲಿ, ದಾರ ಯಾವ ಕಡೆ ಬಾಗಿತು. ವಾಪಸ್ ಬಂದ ಮೇಲೆ ತಿರುಗಿಸಿ ರಬ್ಬರ್ ಪಟ್ಟಿ ಮತ್ತೆ ಅಂಟಿಸಿದ್ದಾರೆಯೇ ನೋಡಿ. ತಳದ ಕೆಲವು ಸ್ಕ್ರೂಗಳು ಅದರ ಕೆಳಗೇ ಅಡಗಿರುವುದುಂಟು. ಬಿಚ್ಚಿದಾಗ ಕಿತ್ತ ಪಟ್ಟಿಯನ್ನು ಅರ್ಧಂಬರ್ಧ ಅಂಟಿಸಿ ಕಳಿಸುವುದು ಹೊಸದಲ್ಲ, ನನ್ನದೂ ಮೊದಲ ಸಲ ಪೇಸ್ಟ್ ಹಚ್ಚಿದಾಗ ನನ್ನ ಕೈಯಲ್ಲೇ ಇನ್ನಷ್ಟು ಸಡಿಲವಾಗಿದ್ದಿರಬೇಕು.